‘ಹೋಗು’ ಅಂದವರು ಯಾರು

2015ರಲ್ಲಿ ನಾನು ಬೆಂಗಳೂರಿನ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್‌ನಲ್ಲಿ ದುಭಾಷಿಯಾಗಿದ್ದೆ. ಅದಕ್ಕೂ ಮುಂಚೆ ಒಂಬತ್ತು ವರ್ಷ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೂತು ಸ್ಪ್ಯಾನಿಷ್ ಮಾತಾಡುವ ಗ್ರಾಹಕರ ದೂರು ಕೇಳಿಸಿಕೊಳ್ಳುತ್ತಿದ್ದೆ. ಅಪ್ಪ ಸರಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮಗಳು ಸ್ಪ್ಯಾನಿಷ್ ಯಾಕೆ ಕಲಿತಳೆಂಬುದು ಅವರಿಗೆ ಕೊನೆಯವರೆಗೂ ಪೂರ್ತಿ ಅರ್ಥವಾಗಲಿಲ್ಲ. ಫುಟ್‌ಬಾಲಿನ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಕ್ಲಬ್‌ನವರಿಗೆ ಅದು ಅಡ್ಡಿಯೆನಿಸಲಿಲ್ಲ. ದಕ್ಷಿಣ ಅಮೆರಿಕದಿಂದ ಬಂದಿಳಿದಿದ್ದ ಹೊಸ ಹೆಡ್ ಕೋಚ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸ್ಪ್ಯಾನಿಷ್, ಇಂಗ್ಲಿಷ್, ಹಿಂದಿ, ಕನ್ನಡ ನಾಲ್ಕೂ ಬಲ್ಲ ಒಬ್ಬರು ಅವರಿಗೆ ತುರ್ತಾಗಿ ಬೇಕಾಗಿತ್ತು.

ಅವರನ್ನು ಇಲ್ಲಿ ಎಸ್ತೆಬಾನ್ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಅರವತ್ತರ ಹತ್ತಿರದ ವಯಸ್ಸು, ಕುಳ್ಳನೆಯ ಆಳು, ಮೆಲ್ಲನೆಯ ದನಿ. ಒಂದೂವರೆ ಸೀಸನ್‌ನಲ್ಲಿ ಅವರು ಆ ಕ್ಲಬ್‌ಗೆ ಮೂರನೆಯ ಹೆಡ್ ಕೋಚ್. ವೈಟ್‌ಫೀಲ್ಡ್‌ನ ಟೆಕ್ ಪಾರ್ಕೊಂದರಲ್ಲಿದ್ದ ಕ್ಲಬ್ ಕಚೇರಿಗೆ ಮೊದಲ ದಿನ ಹೋದಾಗ, ಗೋಡೆಯ ಮೇಲಿದ್ದ ತಂಡದ ಫೋಟೊಗಳಲ್ಲಿ ಹಿಂದಿನ ಇಬ್ಬರೂ ಕಾಣಲಿಲ್ಲ. “ನನಗಿಂತ ಮುಂಚೆ ಇದ್ದವರು ಎಲ್ಲಿ?” ಎಂದು ಕೇಳಿದರು. ಅಲ್ಲಿದ್ದ ಹುಡುಗಿ ವೆಬ್‌ಸೈಟ್ ತೆರೆದು ತೋರಿಸಿದಳು. ಒಬ್ಬರದು ಹನ್ನೊಂದು ಪಂದ್ಯ, ಎರಡು ಗೆಲುವು. ಇನ್ನೊಬ್ಬರದು ಎಂಟು ಪಂದ್ಯ, ಒಂದು ಗೆಲುವು. ಅಷ್ಟೇ. ಎಸ್ತೆಬಾನ್ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು.

ದುಭಾಷಿಯ ಕೆಲಸಕ್ಕೆ ಕಟ್ಟುನಿಟ್ಟಾದ ಒಂದು ನಿಯಮವಿದೆ. ‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನುವಂತಿಲ್ಲ. ಅವರು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ಅವರಿಗೆ ಸಿಟ್ಟು ಬಂದರೆ ‘ನನಗೆ ಸಿಟ್ಟು ಬಂದಿದೆ’ ಎನ್ನಬೇಕು. ಪತ್ರಿಕಾಗೋಷ್ಠಿಗಳಲ್ಲಿ ನಾನು ಹಾಗೇ ಮಾತಾಡುತ್ತಿದ್ದೆ. ಒಂದು ಸಲ ಅಮ್ಮ ಗಾಬರಿಯಿಂದ ಫೋನ್ ಮಾಡಿದರು. “ಏನೇ ಅದು, ‘ನಾನು ಐದು ಮ್ಯಾಚ್ ಸೋತಿದೀನಿ, ನಾಚಿಕೆ ಆಗ್ತಿದೆ’ ಅಂತ ಟೀವೀಲಿ ಹೇಳ್ತಿದ್ದೆ? ನಿಂಗ್ಯಾಕೆ ನಾಚಿಕೆ?” ನಾನು ಬಿದ್ದು ಬಿದ್ದು ನಕ್ಕೆ. ಎಸ್ತೆಬಾನ್‌ಗೂ ಹೇಳಿದೆ. ಅವರು ನಗಲಿಲ್ಲ. “ನಿಮ್ಮ ತಾಯಿಯ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳು” ಎಂದರು.

ತಂಡದಲ್ಲಿ ಶಿವು ಎಂಬ ಎಡಬದಿಯ ಡಿಫೆಂಡರ್ ಇದ್ದ. ಇಪ್ಪತ್ತನಾಲ್ಕು ವರ್ಷ. ರಾಜಗೋಪಾಲನಗರದವನು, ತಂದೆ ಪೀಣ್ಯದಲ್ಲಿ ಲೋಹದ ತಗಡು ಒತ್ತುವ ಪ್ರೆಸ್ ಶಾಪ್ ಒಂದರಲ್ಲಿ ಕೆಲಸಕ್ಕಿದ್ದರು. ದಕ್ಷಿಣ ಅಮೆರಿಕದ ಆಟಗಾರರು ಕೋಚ್‌ರನ್ನು ‘ಪ್ರೊಫೆ’ ಎನ್ನುತ್ತಾರೆ. ಹಾಗೆಂದರೇನು ಎಂದು ಶಿವು ಕೇಳಿದಾಗ “ಮೇಷ್ಟ್ರು ಅಂತ” ಎಂದಿದ್ದೆ. ಅಂದಿನಿಂದ ಅವನ ಬಾಯಲ್ಲಿ ಎಸ್ತೆಬಾನ್ ಮೇಷ್ಟ್ರಾದರು. ಆ ವರ್ಷ ಅವನ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು. ಅವನನ್ನು ಬಿಟ್ಟುಬಿಡಬೇಕೆಂಬ ಮಾತು ಆಡಳಿತದಲ್ಲಿ ನಡೆಯುತ್ತಿದೆಯೆಂದು ನನಗೂ ಗೊತ್ತಿತ್ತು, ಎಸ್ತೆಬಾನ್‌ಗೂ ಗೊತ್ತಿತ್ತು.

ಎಸ್ತೆಬಾನ್‌ರ ಹದಿನಾಲ್ಕನೆಯ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಡ್ರಾ ಆದರೂ ಸಾಕು, ಕೋಚ್ ಸೀಸನ್ ಮುಗಿಯುವವರೆಗೆ ಉಳಿಯುತ್ತಾರೆ ಎಂದು ಸಿಇಒ ಹಿಂದಿನ ವಾರವೇ ಹೇಳಿದ್ದರು. ಮೈದಾನದ ಅಂಚಿನಲ್ಲಿ ಕೋಚ್ ನಿಲ್ಲಲು ಗೆರೆ ಎಳೆದ ಒಂದು ಜಾಗವಿರುತ್ತದೆ. ಅವರ ಪಕ್ಕದಲ್ಲಿ ನಾನೂ ನಿಂತಿದ್ದೆ. ಅವರು ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ಬೇರೆಯವರಿಗೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಶಿವುಗೆ ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ.

ಆಟ ಮುಗಿಯುವುದಕ್ಕೆ ಇನ್ನು ಕೆಲವೇ ನಿಮಿಷಗಳಿದ್ದವು. ಎರಡೂ ತಂಡಗಳದು ಒಂದೊಂದು ಗೋಲು. ಚೆಂಡು ಮೈದಾನದ ಆಚೆ ಬದಿಯಲ್ಲಿತ್ತು. ನಮ್ಮೆದುರಿಗಿದ್ದ ಶಿವು ಮುಂದೆ ಹೋಗಲೋ ಬೇಡವೋ ಎಂದು ಅನುಮಾನಿಸುತ್ತ ತಿರುಗಿ ನಮ್ಮತ್ತ ನೋಡಿದ. ಎಸ್ತೆಬಾನ್ “ನೋ ಸೂಬಾಸ್!” ಎಂದು ಕೂಗಿದರು. ಮುಂದೆ ಹೋಗಬೇಡ ಎಂದು ಅದರ ಅರ್ಥ. ನಾನು ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಗಂಟಲು ಹರಿಯುವ ಹಾಗೆ “ಮುಂದೆ ಹೋಗ್ಬೇಡ!” ಎಂದು ಕೂಗಿದೆ. ಹಿಂದಿನ ಸ್ಟ್ಯಾಂಡಿನಲ್ಲಿ ತಮಟೆ ಬಡಿಯುತ್ತಿದ್ದರು.

ಶಿವು ತಲೆಯಾಡಿಸಿದ. ಆಮೇಲೆ ಮುಂದಕ್ಕೆ ಓಡಿದ.

ಎದುರಾಳಿಗಳು ಚೆಂಡು ಕಸಿದು, ಅವನು ಬಿಟ್ಟುಹೋದ ಖಾಲಿ ಜಾಗದಿಂದಲೇ ಬಂದು ಗೋಲು ಹೊಡೆದರು. ಎಸ್ತೆಬಾನ್ ಕೂಗಾಡಲಿಲ್ಲ. ಶಿವು ಕಡೆ ನೋಡಿದರು, ಬಳಿಕ ಒಂದು ಕ್ಷಣ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಆಗ ಗಮನಿಸಿದೆನೋ, ಆಮೇಲೆ ನೆನಪಿನಲ್ಲಿ ಸೇರಿಸಿಕೊಂಡೆನೋ, ಈಗ ಹೇಳಲಾರೆ.

ಪಂದ್ಯದ ಬಳಿಕ ಆಟಗಾರರು ಬಟ್ಟೆ ಬದಲಿಸುವಾಗ ನಾನು ಹೊರಗಿರುತ್ತಿದ್ದೆ. ಒಳಗೆ ಎಸ್ತೆಬಾನ್‌ರೂ ಶಿವುವೂ ಕೈಸನ್ನೆಯಲ್ಲಿ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಅರ್ಧ ಗಂಟೆಯ ನಂತರ ಪತ್ರಿಕಾಗೋಷ್ಠಿ ನಡೆಯಿತು. ಕನ್ನಡ ಚಾನೆಲ್‌ನವರೊಬ್ಬರು ಎದ್ದು, “ಡ್ರಾ ಸಾಕಾಗಿತ್ತು. ಆ ಡಿಫೆಂಡರ್ ಯಾಕೆ ಮುಂದೆ ಹೋದ?” ಎಂದು ಕೇಳಿದರು. ಎಸ್ತೆಬಾನ್ ಮೈಕ್ ಹತ್ತಿರಕ್ಕೆ ಎಳೆದುಕೊಂಡು ಎರಡೇ ವಾಕ್ಯ ಹೇಳಿದರು. ನಾನು ತಡವರಿಸಿದೆ. ಅವರು ಹೇಳುತ್ತಿದ್ದದ್ದು ಸುಳ್ಳೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆದರೂ ಹೇಳಿದೆ: “ನಾನೇ ಅವನಿಗೆ ಹೋಗು ಅಂದಿದ್ದೆ. ತಪ್ಪು ನನ್ನದು.”

ಬ್ರೂಕ್‌ಫೀಲ್ಡ್‌ನಲ್ಲಿದ್ದ ಅವರ ಅಪಾರ್ಟ್‌ಮೆಂಟಿನ ಕಡೆ ಕಾರು ಹೊರಟಾಗ ನಾನು ತಡೆಯಲಾರದೆ, “ಪ್ರೊಫೆ, ನೀವು ಹೋಗಬೇಡ ಅಂದಿದ್ದಿರಿ” ಎಂದೆ. ಅವರು ಕಿಟಕಿಯ ಆಚೆ ನೋಡುತ್ತಲೇ, “ಅವನಿಗೆ ಏನು ಕೇಳಿಸಿತೋ ಅದೇ ನಾನು ಹೇಳಿದ್ದು” ಎಂದರು. ಶಿವುವಿನ ಕೆಲಸ ಉಳಿಸಲು ಹೀಗೆ ಹೇಳುತ್ತಿದ್ದಾರೆ, ದೊಡ್ಡ ಮನುಷ್ಯ ಎಂದುಕೊಂಡೆ. ಅವರ ಮಾತಿನ ಅರ್ಥ ಅಷ್ಟೇ ಎಂದುಕೊಂಡೆ.

ಎರಡು ದಿನ ಕಳೆದು ಕಚೇರಿಯಿಂದ ಕರೆ ಬಂತು, ಇಬ್ಬರೂ ಹೋದೆವು. ಸಿಇಒ ನನ್ನ ಮುಖ ನೋಡಿಕೊಂಡು, “ಇವತ್ತಿಂದ ಅವರು ಕೋಚ್ ಅಲ್ಲ ಅಂತ ಹೇಳಿ” ಎಂದರು. “ಅವರು ಹೇಳುತ್ತಿದ್ದಾರೆ...” ಎಂದು ಶುರು ಮಾಡಿದೆ. ನನ್ನ ಬಾಯಿಂದ ನಿಯಮ ಜಾರಿತ್ತು. ಎಸ್ತೆಬಾನ್ ತಡೆದರು. “ಬೇಡ. ಯಾವಾಗಲೂ ಹೇಳುವ ಹಾಗೇ ಹೇಳು.” ನಾನು ಅವರ ಕಡೆ ತಿರುಗಿ, “ನಾನು ನಿಮ್ಮನ್ನು ಕೆಲಸದಿಂದ ತೆಗೆಯುತ್ತಿದ್ದೇನೆ” ಎಂದೆ. ಅವರು ತಲೆಯಾಡಿಸಿದರು.

ಸಿಇಒ ಕಾರಣ ಕೊಟ್ಟರು. “ಡಿಫೆಂಡರ್‌ನ ಮುಂದೆ ಕಳಿಸಿದ್ದು ನೀವೇ ಅಂತ ಪ್ರೆಸ್ ಎದುರಿಗೇ ಒಪ್ಕೊಂಡಿದೀರ. ಇನ್ನು ನಾನು ಬೋರ್ಡಿಗೆ ಏನು ಹೇಳ್ಲಿ?”

“ಸಾರ್, ಒಂದು ನಿಮಿಷ, ಇದು ನನ್ನ ಮಾತು” ಎಂದು ನಾನು ಬಾಯಿ ತೆರೆದೆ. ಭಾಷೆ ತಿಳಿಯದಿದ್ದರೂ ಎಸ್ತೆಬಾನ್‌ಗೆ ನನ್ನ ದನಿ ಅರ್ಥವಾಯಿತು. ಮೇಜಿನ ಮೇಲೆ ಅಂಗೈ ಊರಿ, “ಇಲ್ಲಿ ನಿನ್ನ ಮಾತು ಇಲ್ಲ, ವಸುಧಾ” ಎಂದರು. ಗದರಿಕೆಯಲ್ಲ, ಬಹಳ ಮೃದುವಾಗಿತ್ತು. ಆಟಗಾರರಿಗೆ ಒಂದು ಮಾತು ಹೇಳಿ ಹೋಗುತ್ತೇನೆ ಎಂದು ಅವರು ಕೇಳಿಕೊಂಡರು. ಸಿಇಒ ಒಪ್ಪಿದರು.

ಅಭ್ಯಾಸದ ಮೈದಾನ ವೈಟ್‌ಫೀಲ್ಡ್ ದಾಟಿದ ಮೇಲಿತ್ತು. ಮಧ್ಯಾಹ್ನದ ಬಿಸಿಲು. ಎಸ್ತೆಬಾನ್ ಹೆಚ್ಚು ಮಾತಾಡಲಿಲ್ಲ. ಚೆನ್ನಾಗಿ ಆಡಿ, ಮುಂದೆ ಬರುವವರ ಮಾತು ಕೇಳಿ ಎಂದರು. ಒಬ್ಬೊಬ್ಬರ ಕೈ ಕುಲುಕುತ್ತ ಶಿವು ಹತ್ತಿರ ಬಂದರು. ಶಿವು ಅವರ ಕೈ ಬಿಡದೆ ನನ್ನತ್ತ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

“ಅಕ್ಕ, ಮೇಷ್ಟ್ರನ್ನ ಒಂದ್ಮಾತು ಕೇಳಿ. ಅವತ್ತು ಯಾಕೆ ಹೋಗು ಅಂದ್ರು? ನಂಗೆ ನಿಲ್ಬೇಕು ಅಂತ್ಲೇ ಇತ್ತು. ನೀವು ‘ಮುಂದೆ ಹೋಗು’ ಅಂತ ಕೂಗಿದ್ರಲ್ಲ, ಅದಕ್ಕೇ ಹೋದೆ.”

‘ಹೋಗ್ಬೇಡ’ ಎಂಬುದರಲ್ಲಿ ಬೇಡ ಕೊನೆಗೆ ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಅದು ಮೊದಲು ಬರುತ್ತದೆ. ಆ ತಮಟೆಯ ಸದ್ದು ನನ್ನ ಬೇಡವನ್ನು ನುಂಗಿಬಿಟ್ಟಿತ್ತೇ? ಅಥವಾ ಸೋತ ಮೇಲೆ ಶಿವು ತನಗೆ ಬೇಕಾದ ಹಾಗೆ ನೆನಪಿಟ್ಟುಕೊಂಡನೇ? ಅವನ ಮುಖದಲ್ಲಿ ಕಪಟವಿರಲಿಲ್ಲ.

“ಏನು ಹೇಳುತ್ತಿದ್ದಾನೆ?” ಎಂದು ಎಸ್ತೆಬಾನ್ ಕೇಳಿದರು. ಒಂದು ಪದವನ್ನೂ ಬಿಡದೆ ಹೇಳಿದೆ. ಅವರು ನನ್ನನ್ನೇ ನೋಡುತ್ತ ಕೇಳಿಸಿಕೊಂಡರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಪತ್ರಿಕಾಗೋಷ್ಠಿಯ ದಿನವೇ ಅವರಿಗೆ ತಿಳಿದಿತ್ತೆಂದು, ಅಂದು ಅವರು ಕಾಪಾಡಿದ್ದು ಶಿವುವನ್ನಷ್ಟೇ ಅಲ್ಲ, ನನ್ನನ್ನೂ ಎಂದು ನನಗೆ ಆಗ ಹೊಳೆಯಿತು. ಅವರು ಶಿವುವಿನ ಭುಜದ ಮೇಲೆ ಕೈಯಿಟ್ಟು ಉತ್ತರ ಕೊಟ್ಟರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಿತ್ತು. ಹೇಳಿದೆ.

“ಅಲ್ಲಿ ಜಾಗ ಖಾಲಿ ಇದೆ ಅಂತ ನನಗೆ ಅನಿಸಿತು, ಶಿವು. ಅದಕ್ಕೇ ಹೋಗು ಅಂದೆ. ನೀನು ಸರಿಯಾಗೇ ಮಾಡಿದೆ.”

ಅವರು ಕಾರು ಹತ್ತಿ ಹೋದರು. ವೆಬ್‌ಸೈಟಿನಲ್ಲಿ ಅವರ ಹೆಸರಿನ ಮುಂದೆ ಹದಿನಾಲ್ಕು ಪಂದ್ಯ, ಮೂರು ಗೆಲುವು, ನಾಲ್ಕು ಡ್ರಾ, ಏಳು ಸೋಲು ಎಂದು ಬಂತು. ಆಮೇಲೆ ಯಾವ ಲೀಗ್‌ನಲ್ಲೂ ಅವರು ಹೆಡ್ ಕೋಚ್ ಆಗಲಿಲ್ಲ. ಶಿವುವಿನ ಕಾಂಟ್ರಾಕ್ಟ್ ಮುಂದುವರಿಯಿತು. ನಾನು ಆ ಸೀಸನ್ ಮುಗಿಯುವ ಮೊದಲೇ ಕ್ಲಬ್ ಬಿಟ್ಟೆ. ಆ ಪತ್ರಿಕಾಗೋಷ್ಠಿಯ ವಿಡಿಯೊ ಇಂಟರ್ನೆಟ್‌ನಲ್ಲಿ ಇನ್ನೂ ಇದೆ. ಸಿಂಗಸಂದ್ರದ ಮನೆಯಲ್ಲಿ ಒಬ್ಬಳೇ ಇದ್ದಾಗ ಎಷ್ಟೋ ಸಲ ಹಾಕಿಕೊಂಡು ನೋಡಿದ್ದೇನೆ. ಅದರಲ್ಲಿ ನನ್ನ ಮುಖ, ನನ್ನ ದನಿ: “ನಾನೇ ಅವನಿಗೆ ಹೋಗು ಅಂದಿದ್ದೆ.” ಅವರ ಬಾಯಲ್ಲಿ ಸುಳ್ಳಾಗಿದ್ದ ಮಾತು ನನ್ನ ಬಾಯಲ್ಲಿ ನಿಜವಿರಬಹುದು ಎಂದು ಪ್ರತಿ ಸಲವೂ ಅನಿಸುತ್ತದೆ. ಅವತ್ತೇ ನಿಮಗೆ ಗೊತ್ತಿತ್ತೇ ಎಂದು ಒಮ್ಮೆ ಧೈರ್ಯ ಮಾಡಿ ಅವರಿಗೆ ಬರೆದು ಕೇಳಿದೆ. ವಾರದ ನಂತರ ಉತ್ತರ ಬಂತು: “ಶಿವು ಈಗಲೂ ಆಡುತ್ತಿದ್ದಾನಾ?” ಅದಕ್ಕಿಂತ ಹೆಚ್ಚು ಏನೂ ಇರಲಿಲ್ಲ.

ಆಮೇಲೆ ನಾನು ಪೀಣ್ಯದ ಕಾರ್ಖಾನೆಗಳಿಗೆ ಕೆಲಸ ಮಾಡತೊಡಗಿದೆ. ಸ್ಪೇನ್‌ನಿಂದ ಯಂತ್ರಗಳು ಬರುತ್ತವೆ, ಜೊತೆಗೆ ಎಂಜಿನಿಯರ್‌ಗಳು ಬರುತ್ತಾರೆ. ಯಾವುದನ್ನು ಮುಟ್ಟಬಾರದು, ಯಾವುದನ್ನು ತೆಗೆಯಬಾರದು ಎಂದು ಅವರು ಹೇಳಿದ್ದನ್ನು ಕೆಲಸಗಾರರಿಗೆ ಕನ್ನಡದಲ್ಲಿ ತಿಳಿಸಬೇಕು. ಈಗ ನಾನು ಮೊದಲು ಕೈ ಅಡ್ಡ ಹಿಡಿದು ‘ಬೇಡ’ ಎನ್ನುತ್ತೇನೆ, ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಕೇಳಿದವರಿಂದ ವಾಪಸ್ ಹೇಳಿಸುತ್ತೇನೆ. ನನ್ನ ಕೆಲಸ ಮಾತಾಡಿದ ಕೂಡಲೇ ಮುಗಿಯುತ್ತದೆಂದು ಒಂಬತ್ತು ವರ್ಷ ಫೋನಿನ ಮುಂದೆ ಕೂತು ನಂಬಿದ್ದವಳು ನಾನು.

2018ರಲ್ಲಿ, ಯಂತ್ರ ಓಡುವಾಗ ಅದರ ರಕ್ಷಣೆಯ ಗೇಟ್ ತೆಗೆಯಬಾರದೆಂದು ಹೇಳಿಸುತ್ತಿದ್ದಾಗ, ವಿಜಯಪುರದ ಕಡೆಯ ಒಬ್ಬ ಆಪರೇಟರ್‌ಗೆ ಬೇಸರ ಬಂತು. “ಮೂರ್ ಸಲ ಹೇಳೀನ್ರಿ ಅಕ್ಕಾರ, ಮತ್ಯಾಕ ಕೇಳ್ತೀರಿ?”

“ನಾನೇನು ಹೇಳಿದೆ ಅಂತ ನಂಗೊತ್ತು ಅಣ್ಣ. ನಿಮಗೇನು ಕೇಳಿಸ್ತು ಅಂತ ಗೊತ್ತಾಗ್ಬೇಕು.”

ಅವನು ನಕ್ಕು, ಓಡುತ್ತಿದ್ದ ಯಂತ್ರದ ಪಕ್ಕ ನಿಂತು ನಾಲ್ಕನೆಯ ಸಲ ಕೂಗಿ ಹೇಳಿದ. ‘ಗೇಟ್ ತಗೀಬ್ಯಾಡ’ ಎಂದೇ ಹೇಳಿರಬೇಕು, ತುಟಿಗಳು ಹಾಗೆ ಆಡಿದವು. ಆ ಸದ್ದಿನಲ್ಲಿ ನನಗೆ ಕೇಳಿಸಿದ್ದು ‘ಗೇಟ್ ತಗಿ’ ಎಂಬುದಷ್ಟೇ.

ಯಂತ್ರ ನಿಲ್ಲಿಸಲು ಹೇಳಿ, ಇನ್ನೊಮ್ಮೆ ಹೇಳಿಸಿದೆ.