ಮುಬಶ್ಶಿರಾಳ ಹೊಳೆ

ಮಿಠಾಯಿ ಡಬ್ಬಿ ಮಾಡುವ ಇಜಾಜ್ ಹೊಸದೊಂದು ಬೋರ್ಡ್ ಗೇಮ್ ಮಾಡುತ್ತಿದ್ದಾನೆ ಎಂದಾಗ ದಾವಣಗೆರೆಯಲ್ಲಿ ಯಾರೂ ನಂಬಲಿಲ್ಲ. ರಟ್ಟು ಕತ್ತರಿಸುವುದರಲ್ಲಿ ಅವನದು ಪಳಗಿದ ಕೈ, ಅದು ಖರೆ. ಆದರೆ ಆಟ ಕಟ್ಟುವಷ್ಟು ತಲೆ ಅವನಿಗೆಲ್ಲಿಂದ ಬರಬೇಕು? ತಲೆ ಅವನ ಹೆಂಡತಿ ಮುಬಶ್ಶಿರಾಳದು. ಅದನ್ನು ಅವನೇ ಎದೆಯುಬ್ಬಿಸಿಕೊಂಡು ಊರಿಗೆಲ್ಲ ಹೇಳುತ್ತಿದ್ದ.

ಅವಳ ತವರು ಹರಿಹರ. ಹೃದಯದ ಕವಾಟ ಕೆಟ್ಟು, ನಾಲ್ಕು ಹೆಜ್ಜೆಗೇ ಏದುಸಿರು ಬರುವಂತಾದ ಮೇಲೆ, ಹಾಸಿಗೆಯಲ್ಲಿ ಕೂತು ತನ್ನೂರಿನ ಹೊಳೆಯನ್ನು ಡಬ್ಬಿಯ ರಟ್ಟಿನ ಮೇಲೆ ಬರೆದಳು. ಹೊಳೆಗೆ ಅಡ್ಡಲಾಗಿ ಒಂದು ಸಾಲು ಕಲ್ಲು. ಒಬ್ಬರ ಕಾಯಿ ಈಚೆ ದಡದಿಂದ, ಇನ್ನೊಬ್ಬರದು ಆಚೆ ದಡದಿಂದ ಹೊರಟು, ಕವಡೆ ಬಿದ್ದಷ್ಟು ಕಲ್ಲು ನಡೆಯಬೇಕು; ಎದುರು ದಡ ಮೊದಲು ಮುಟ್ಟಿದವರು ಗೆದ್ದಂತೆ. ಒಂದು ಕಲ್ಲಿನ ಮೇಲೆ ಒಂದೇ ಕಾಯಿ. ನಡುಹೊಳೆಯಲ್ಲಿ ಎದುರಾದರೆ? ಯಾರಾದರೊಬ್ಬರು ದಡಕ್ಕೆ ಮರಳಿ ದಾರಿ ಬಿಡಬೇಕು. ಯಾರು ಬಿಡಬೇಕೆಂದು ಅವರವರೇ ಮಾತಾಡಿಕೊಳ್ಳಬೇಕು.

ಬೆಳಿಗ್ಗೆ ಇಜಾಜ್ ಅವಳೊಂದಿಗೆ ಆಡಿ ನೋಡುತ್ತಿದ್ದ, ಮಧ್ಯಾಹ್ನ ಅವನ ತಾಯಿ ಮಾಬೂಬೀ. ಯಾರೇ ಕೂತರೂ ಗೆಲ್ಲುವವಳು ಮುಬಶ್ಶಿರಾನೇ. ಗೆದ್ದಾಗ ಆ ಬಾಡಿದ ಮುಖಕ್ಕೆ ಎಂಥ ಕಳೆ ಬರುತ್ತಿತ್ತು ಅಂತೀರಿ!

"ಖರೆ ಆಡ್ತೀರೋ, ನಾಟ್ಕ ಮಾಡ್ತೀರೋ?" ಅವಳು ಗಂಡನನ್ನು ದಬಾಯಿಸುತ್ತಿದ್ದಳು. "ಒಂದ್ಸಲಾನಾದ್ರೂ ನನ್ನ ಸೋಲ್ಸ್ರಿ. ಇಲ್ಲಾಂದ್ರ ಆಟ ಎಲ್ಲಿ ಕೆಟ್ಟೈತೆ ಅಂತ ಗೊತ್ತಾಗೋದು ಹೆಂಗೆ?"

"ಖುದಾ ಕಸಮ್, ಕೈಲಾದಷ್ಟು ಆಡ್ತೀನಿ. ನಿನ್ನ ಕವಡೆ ಅಂಥಾವು, ನಾನೇನು ಮಾಡ್ಲಿ?"

ಆಣೆ ಹಾಕಿ ಹೇಳಿದ ಸುಳ್ಳು. ಅಲ್ಲ, ಗಂಡನಾದವನು ಬೇರೇನು ಹೇಳಬೇಕಿತ್ತು, ನೀವೇ ಹೇಳಿ!

"ನಮ್ಮೂರಾಗ ನಾಲ್ಕು ಮಂದಿ ಇದನ್ನ ಆಡ್ಲಿ, ಸಾಕು" ಎನ್ನುತ್ತಿದ್ದಳು. ಅಷ್ಟನ್ನೂ ನೋಡಲಿಲ್ಲ. ಆಟ ಅಚ್ಚಿಗೆ ಹೋಗುವ ಮೊದಲೇ ಹೊರಟುಹೋದಳು.

ಇಜಾಜ್ ಅತ್ತ, ಆಮೇಲೆ ಎದ್ದು ಅವಳ ಚಿತ್ರವನ್ನೇ ಅಚ್ಚು ಹಾಕಿಸಿದ. ರಟ್ಟು ತಾನೇ ಕತ್ತರಿಸಿದ, ಅಂಟಿಸಿದ, ಡಬ್ಬಿಯ ಮೇಲೆ ಅವಳ ಹೆಸರು ಹಾಕಿದ. ದಿನಾ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅದೇ ಹೊಳೆ. ಹರಿಹರದಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಇಟ್ಟಿರುವ ರಾಜಕುಮಾರನ ಕೈಕಾಲು ಹಿಡಿದು, ಒಂದು ಭಾನುವಾರ ಅಂಗಡಿಯ ಮುಂದೆ ನಾಲ್ಕಾರು ಮೇಜು ಹಾಕಿಸಿದ.

ಜನ ಬಂದರು, ಚಿತ್ರ ಹೊಗಳಿದರು, ಆಡಲು ಕೂತರು. ಸ್ವಲ್ಪ ಹೊತ್ತಿಗೆ ಎಲ್ಲ ಮೇಜಿನಲ್ಲೂ ಒಂದೇ ಮಾತು.

"ನೀ ಹಿಂದ ಸರಿ."

"ನಾ ಯಾಕ ಸರೀಲಿ? ನೀ ಸರಿ."

ಮೊದಲು ನಗು, ಆಮೇಲೆ ಜಗಳ, ಕೊನೆಗೆ ಆಕಳಿಕೆ. ಒಬ್ಬರೂ ಹೊಳೆ ದಾಟಲಿಲ್ಲ, ಒಬ್ಬೊಬ್ಬರೇ ಎದ್ದು ಹೋದರು.

"ಇಜಾಜಣ್ಣ, ಬೇಜಾರು ಮಾಡ್ಕೋಬ್ಯಾಡ" ಎಂದ ರಾಜಕುಮಾರ. "ಆಟ ನಡುಹೊಳ್ಯಾಗ ನಿಂತ್ಬಿಡ್ತೈತೆ. ತಾವಾಗೇ ಸೋಲಾಕ ಯಾರು ಕೂಡ್ತಾರ ಹೇಳು? ಮನ್ಯಾಗ ಆಡಿ ನೋಡಿರ್ಲಿಲ್ಲೇನು?"

"ದಿನಾ ಆಡೀವಿ" ಎಂದ ಇಜಾಜ್.

"ಯಾರೂ ಅಡ್ಡ ನಿಲ್ಲಲಿಲ್ಲೇನು ಹಂಗಾರೆ?"

ಇಜಾಜ್ ಮೇಜಿನ ಮೇಲಿನ ಕವಡೆಗಳನ್ನು ಬಳಿದುಕೊಂಡ. ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ದಾವಣಗೆರೆ ಬಸ್ಸು ಹತ್ತಿದ.

ಮಾಬೂಬೀ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. "ಅಮ್ಮೀ, ನೀನು ಆಕಿಗೆ ಬೇಕಂತ್ಲೇ ದಾರಿ ಬಿಡ್ತಿದ್ದೇನು?" ಎಂದು ಕೇಳಿದ.

"ಬಿಡ್ದೇ ಏನ್ಮಾಡ್ಲಿ ಬೇಟಾ? ಉಸಿರಿಗೇ ಒದ್ದಾಡೋ ಹುಡುಗಿಗೆ ಅಡ್ಡ ನಿಲ್ಲಾಕ ಆಗ್ತೈತೇನು? ನೀನಾದ್ರೂ ಖರೆ ಆಡ್ತಿ ಅಂದ್ಕೊಂಡಿದ್ದೆ."

"ನೀನು ಆಡ್ತಿ ಅಂತ ನಾನು ಅಂದ್ಕೊಂಡಿದ್ದೆ."

ತಾಯಿ ಮಗ ಅವಳು ಕೈಯಾರೆ ಬರೆದ ಹೊಳೆಯನ್ನೇ ಹಾಸಿಕೊಂಡು ಕೂತರು. ಮೊದಲ ಸಲ ಖರೆ ಆಡಿದರು, ನಡುಹೊಳೆಯಲ್ಲಿ ನಿಂತರು. ಅಯ್ಯೋ, ಎಷ್ಟು ಸಣ್ಣ ತಪ್ಪು! ಮಧ್ಯದಲ್ಲಿ ಇಬ್ಬರು ನಿಲ್ಲುವಷ್ಟು ಅಗಲದ ಒಂದು ಕಲ್ಲಿದ್ದರೆ ಮುಗಿಯಿತು. ಒಂದೇ ಒಂದು ಸಲ ಅವಳಿಗೆ ಅಡ್ಡ ನಿಂತಿದ್ದರೆ, ಚಹಾ ಆರುವುದರೊಳಗೆ ಅವಳೇ ಬರೆದುಬಿಡುತ್ತಿದ್ದಳು.

ಇಜಾಜ್ ಪೆನ್ಸಿಲ್ ತೆಗೆದುಕೊಂಡ. ಅವಳ ಕಲ್ಲುಗಳ ಸುತ್ತ ನೀರು ಸುಳಿಯುತ್ತಿತ್ತು, ಪಾಚಿ ಹಿಡಿದಿತ್ತು. ಇವನ ಕಲ್ಲು ಬನ್ನಿನ ಹಾಗೆ ಕಂಡಿತು. ಅಳಿಸಿದ, ಮತ್ತೆ ಬರೆದ, ಮತ್ತೆ ಅಳಿಸಿದ. ಅಷ್ಟರಲ್ಲಿ ಅಲ್ಲಿನ ಹೊಳೆಯೇ ಅಳಿಸಿಹೋಗಿ ರಟ್ಟಿನ ಬಿಳುಪು ಕಂಡಿತು.

"ಸಾಕು ಬಿಡು ಬೇಟಾ" ಎಂದು ಮಾಬೂಬೀ ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು.

"ಸೋಲ್ಸ್ರಿ ಅಂತ ಬಾಯಿಬಿಟ್ಟು ಕೇಳಿದ್ಲು ಅಮ್ಮೀ" ಎಂದು ಅವನು ಬಿಕ್ಕಿದ. "ಆಕಿ ಕೇಳಿದ್ದು ಅದೊಂದೇ. ನಾ ಅದನ್ನೂ ಕೊಡ್ಲಿಲ್ಲ."