ಹಿಡಿಹಿಟ್ಟಿನ ಗಡಿಗೆ

ನನಗೆ ಹುಟ್ಟಿನಿಂದಲೇ ಅನುಮಾನ ಜಾಸ್ತಿ. ಹಾಲು ಕೊಂಡರೆ ನೀರು ಬೆರೆಸಿದ್ದಾರೆಯೇ ಎಂದು ನೋಡುತ್ತೇನೆ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನು ಬೇಕಾಗಿದೆ ಎಂದು ಯೋಚಿಸುತ್ತೇನೆ. ಇಂಥವಳು ಬೆಳಗ್ಗೆ ಸಂಜೆ ‘ನಂಬಿರಿ, ನಂಬಿರಿ’ ಎಂದು ಊರೂರಿಗೆ ಹೇಳಿಕೊಂಡು ತಿರುಗುವ ಕ್ರೈಸ್ತ ಸಭೆಯ ಉಪದೇಶಿಗೆ ಮಗಳಾಗಿ ಹುಟ್ಟಿದ್ದು ವಿಚಿತ್ರವೇ. ಹಾಗೆಂದು ದೇವರ ಮೇಲೆ ನನಗೆ ಎಂದೂ ಅನುಮಾನ ಬಂದಿಲ್ಲ. ದೇವರನ್ನು ನಂಬುವುದು ಸುಲಭ. ಆತ ನಮ್ಮ ಅಡುಗೆಮನೆಗೆ ಬಂದು ಗಡಿಗೆಗಳ ಮುಚ್ಚಳ ತೆಗೆಯುವುದಿಲ್ಲ. ಕಷ್ಟವಿರುವುದು ಪಕ್ಕದಲ್ಲಿರುವ ಮನುಷ್ಯರನ್ನು ನಂಬುವುದರಲ್ಲಿ.

ಶ್ರೀನಿವಾಸಪುರಕ್ಕೆ ಎರಡು ಮೈಲಿ ದೂರದ ಹಳ್ಳಿಯಲ್ಲಿ ನಮ್ಮ ಮನೆ. ನಾನು ಹೇಳುವ ಸಂಗತಿ ಯುದ್ಧದ ಕಾಲದ್ದು. ಬೆಳೆದ ರಾಗಿಯನ್ನು ಸರ್ಕಾರದವರು ಅಳೆದುಕೊಂಡು ಹೋಗುತ್ತಿದ್ದರು. ಇದ್ದವರ ಮನೆಯಲ್ಲೂ ಮುದ್ದೆ ಸಣ್ಣದಾಗಿತ್ತು, ನಾವು ಇದ್ದವರೇನೂ ಅಲ್ಲ. ಆದರೂ ಒಂದು ಪದ್ಧತಿ ತಪ್ಪುತ್ತಿರಲಿಲ್ಲ. ಎಸರಿಟ್ಟು ಮುದ್ದೆಗೆ ಹಿಟ್ಟು ತೆಗೆದಾಗ ಮೊದಲ ಹಿಡಿಯನ್ನು ಮೂಲೆಯ ಗಡಿಗೆಗೆ ಹಾಕಿ, “ಇವತ್ತಿಗೂ ಕೊಟ್ಟೆ ತಂದೆ, ಸ್ತೋತ್ರ” ಎನ್ನಬೇಕು. ಆಮೇಲೆ ನಮ್ಮ ಹೊಟ್ಟೆಗೆ. ಇದಕ್ಕೆ ಹಿಡಿಹಿಟ್ಟು ಎನ್ನುತ್ತಿದ್ದೆವು. ನಮ್ಮ ಸಭೆಯ ಎಲ್ಲ ಕ್ರೈಸ್ತ ಮನೆಗಳಲ್ಲೂ ಇದು ಇತ್ತು. ಭಾನುವಾರ ಗಡಿಗೆಗಳನ್ನು ಪೇಟೆಯ ದೇವಾಲಯಕ್ಕೆ ಹೊತ್ತುಕೊಂಡು ಹೋಗಿ ಒಂದು ಗುಡಾಣಕ್ಕೆ ಸುರಿಯುತ್ತಿದ್ದರು. ಆ ಹಿಟ್ಟಿನಲ್ಲಿ ಗತಿಯಿಲ್ಲದ ಇಬ್ಬರು ಮುದುಕಿಯರ ವಾರ ಕಳೆಯುತ್ತಿತ್ತು.

ಉಪದೇಶಿಯ ಮನೆಯ ಗಡಿಗೆ ಎಂದರೆ ಎಲ್ಲರ ಕಣ್ಣೂ ಅದರ ಮೇಲೆ. ಅಮ್ಮ ಒಯ್ಯುವ ಗಡಿಗೆ ಪ್ರತಿ ಭಾನುವಾರವೂ ಕತ್ತಿನ ತನಕ ತುಂಬಿರುತ್ತಿತ್ತು. ಅವಳಿಗೆ ಅದೊಂದು ಹೆಮ್ಮೆ. ಹೆಮ್ಮೆಪಡಬಾರದು ಎಂದು ಅಪ್ಪ ಹೇಳಿದರೆ, “ಅರೆಗಡಿಗೆ ಹೊತ್ಕೊಂಡು ಹೋಗೋದು ಪುಣ್ಯವಾ?” ಎಂದು ಕೇಳುತ್ತಿದ್ದಳು.

ಆ ವರ್ಷ ಅಣ್ಣನಿಗೆ ಮದುವೆಯಾಯಿತು. ಅವನು ಮುಳಬಾಗಿಲು ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರು, ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದ. ಅತ್ತಿಗೆ ಗೌನಿಪಲ್ಲಿ ಕಡೆಯವಳು, ನನಗಿಂತ ಎರಡೇ ವರ್ಷ ದೊಡ್ಡವಳು. ಮಾತು ಅರ್ಧ ಕನ್ನಡ, ಅರ್ಧ ತೆಲುಗು; ಸಿಟ್ಟು ಬಂದರೆ ಪೂರ್ತಿ ತೆಲುಗು. ಅವಳಿಗೆ ದೀಕ್ಷಾಸ್ನಾನವಾಗಿ ಒಂದು ವರ್ಷವಾಗಿತ್ತು. ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸವನ್ನು ಇನ್ನೂ ಮುಟ್ಟಿರಲಿಲ್ಲ. ಅದನ್ನು ಕೊಡುವ ಪಾದ್ರಿ ಅಯ್ಯನವರು ಕೋಲಾರದಿಂದ ನಾಲ್ಕು ತಿಂಗಳಿಗೊಮ್ಮೆ ಮಾತ್ರ ಬರುತ್ತಿದ್ದರು, ಅವಳ ತವರಿನ ಕಡೆಗೆ ಅದೂ ಇರಲಿಲ್ಲ. ಆ ದಿನಕ್ಕಾಗಿ ಅವಳು ತವರಿನಿಂದ ತಂದಿದ್ದ ಬಿಳಿ ಸೀರೆಯನ್ನು ಒಗೆದು, ಮಡಿಸಿ, ಪೆಟ್ಟಿಗೆಯಲ್ಲಿಟ್ಟು ದಿನ ಎಣಿಸುತ್ತಿದ್ದಳು.

ಅವಳು ಬಂದ ಎರಡನೆಯ ತಿಂಗಳಿನಲ್ಲಿ ಅಮ್ಮ ಬಾವಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ನಾಟಿ ವೈದ್ಯ ಬಿದಿರುದಬ್ಬೆ ಇಟ್ಟು ಕಟ್ಟಿ, ಒಂದೂವರೆ ತಿಂಗಳು ಕೈ ಆಡಿಸಬೇಡ ಎಂದ. ಅಡುಗೆ ನನ್ನ ಪಾಲಿಗೆ ಬರುತ್ತದೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅಮ್ಮ ಅದನ್ನು ಅತ್ತಿಗೆಗೆ ಕೊಟ್ಟಳು.

“ನೀನು ಹೋಗೋಳು ಕಣೇ, ಅವಳು ಇರೋಳು. ಅವಳೇ ಕಲೀಲಿ” ಎಂದಳು.

ಹದಿನೈದು ವರ್ಷದ ಹುಡುಗಿಗೆ ಈ ಮಾತು ಎಲ್ಲಿ ಚುಚ್ಚುತ್ತದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ನಾನು ನೀರು ಹೊತ್ತೆ, ಸೌದೆ ಒಡೆದೆ, ಮತ್ತು ಅತ್ತಿಗೆಯ ಬೆನ್ನನ್ನು ನೋಡುತ್ತಾ ಕುಳಿತೆ.

ಆ ಭಾನುವಾರ ಗಡಿಗೆ ಹೊತ್ತದ್ದು ನಾನು. ಹಿಟ್ಟು ಕತ್ತಿಗಿಂತ ನಾಲ್ಕು ಬೆರಳು ಕೆಳಗಿತ್ತು. ದೇವಾಲಯದ ಬಾಗಿಲಲ್ಲಿ ಒಬ್ಬ ಹೆಂಗಸು ಇಣುಕಿ ನೋಡಿ, “ಉಪದೇಶಿಗಳ ಮನೇಲೂ ಬರ ಬಂತಾ?” ಎಂದಳು. ಅಮ್ಮನ ಮುಖ ಕಪ್ಪಿಟ್ಟಿತು. ಮುಂದಿನ ಭಾನುವಾರವೂ ಅಷ್ಟೇ. ದಿನಕ್ಕೆ ಎರಡು ಹೊತ್ತು, ಎರಡು ಹಿಡಿ, ವಾರಕ್ಕೆ ಹದಿನಾಲ್ಕು. ಅಮ್ಮ ಹಾಕಿದರೆ ತುಂಬುವ ಗಡಿಗೆ ಅತ್ತಿಗೆ ಹಾಕಿದರೆ ಏಕೆ ತುಂಬುವುದಿಲ್ಲ? ಇದಕ್ಕೆ ನನಗೆ ಒಂದೇ ಉತ್ತರ ಹೊಳೆಯಿತು.

ಉತ್ತರ ಹೊಳೆದ ಮೇಲೆ ಸಾಕ್ಷಿಗೇನು ಕೊರತೆ? ಹಿಡಿಹಿಟ್ಟು ಹಾಕುವಾಗ ಅವಳು ನಮಗೆ ಬೆನ್ನು ಮಾಡುತ್ತಿದ್ದಳು. ಕಣ್ಣು ಮುಚ್ಚಿ ಬಹಳ ಹೊತ್ತು ಏನೋ ಹೇಳಿಕೊಳ್ಳುತ್ತಿದ್ದಳು. ಅಷ್ಟು ಹೊತ್ತು ದೇವರಿಗೆ ಹೇಳುವಂಥದ್ದು ಏನಿರುತ್ತದೆ? ಅವಳ ತಂಗಿ ಬುಟ್ಟಿಯಲ್ಲಿ ಮಾವಿನಕಾಯಿ ತಂದಿದ್ದವಳು ಹಿಂದಿರುಗುವಾಗ ಬುಟ್ಟಿಯ ತಳದಲ್ಲಿ ಬಟ್ಟೆಯ ಗಂಟೊಂದನ್ನು ಒಯ್ದಳು. ಅದರಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಕೇಳಿದರೆ ಅನುಮಾನ ಪರಿಹಾರವಾಗಿಬಿಡುವ ಅಪಾಯವಿತ್ತು. ಒಂದು ಸಂಜೆ ಗಡಿಗೆಯ ಹಿಟ್ಟನ್ನು ಸಮ ಮಾಡಿ ಅದರ ಮೇಲೆ ಬೆರಳಿನಿಂದ ಶಿಲುಬೆ ಎಳೆದಿಟ್ಟೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೋಡಿದೆ. ಶಿಲುಬೆ ಇದ್ದ ಹಾಗೇ ಇತ್ತು. ಕಿಲಾಡಿ, ಹಿಟ್ಟು ತೆಗೆದು ಮತ್ತೆ ಎಳೆದಿದ್ದಾಳೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುವುದು ಸುಮ್ಮನೆ ಅಲ್ಲ.

ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಮನೆಪ್ರಾರ್ಥನೆ. ಕಿರಿಯರಿಂದ ಹಿಡಿದು ಒಬ್ಬೊಬ್ಬರೂ ಆ ದಿನದ ಒಂದು ಉಪಕಾರ ನೆನೆದು ಸ್ತೋತ್ರ ಹೇಳಬೇಕು, ಆಮೇಲೆ ಬೇಕಾದ್ದನ್ನು ಬೇಡಿಕೊಳ್ಳಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಹೀಗಾಗಿ ಯಾರಿಗೆ ಯಾರ ಮೇಲೆ ಏನಿದ್ದರೂ ಅಲ್ಲಿ ಹೊರಬೀಳುತ್ತಿತ್ತು. “ಊಟದ ಹೊತ್ತಿಗೆ ಮನೆ ಸೇರೋ ಬುದ್ಧಿ ಯಜಮಾನರಿಗೆ ಕೊಡು ಸ್ವಾಮಿ” ಎಂದು ಅಮ್ಮ ಬೇಡಿದರೆ ಅಪ್ಪ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಆ ಸಲುಗೆಯನ್ನು ನಾನು ಕತ್ತಿ ಮಾಡಿಕೊಂಡೆ.

“ಕರ್ತನೇ, ನಿನ್ನ ಪಾಲಿನ ಗಡಿಗೆಗೆ ಕೈ ಹಾಕೋರನ್ನ ಕ್ಷಮಿಸು. ಅವರ ಪಾಪ ಬಯಲು ಮಾಡು” ಎಂದೆ. ಹೇಳುವಾಗ ಒಂದು ಕಣ್ಣು ತೆರೆದು ನೋಡಿದೆ. ಅತ್ತಿಗೆ ಬೆಚ್ಚಿ ಮೂಲೆಯ ಗಡಿಗೆಯ ಕಡೆ ತಿರುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ನನಗೆ ಒಳಗೊಳಗೇ ಖುಷಿ.

ಸರದಿ ಅವಳದಾಯಿತು. “ದೇವುಡಾ, ನೀನು ನೋಡ್ತಾ ಇದೀಯ. ಅಷ್ಟು ಸಾಕು” ಎಂದಳು. ಅಪ್ಪನ ಆಮೆನ್ ಅವತ್ತು ತಡವಾಗಿ ಬಂತು.

ಮುಂದಿನ ಭಾನುವಾರ ಗಡಿಗೆ ಕತ್ತಿನ ತನಕ ತುಂಬಿತ್ತು. ಯಾರಿಗಾದರೂ ಸಮಾಧಾನವಾಗಬೇಕಾದ ಸಂಗತಿ. ನಾನು ಅಮ್ಮನ ಕಿವಿಯಲ್ಲಿ, “ನೋಡ್ದಾ? ಸಿಕ್ಕಿಬೀಳ್ತೀನಿ ಅಂತ ಹೆದರಿ ಕದಿಯೋದು ಬಿಟ್ಟಿದಾಳೆ” ಎಂದೆ. ಅಮ್ಮ ಇಲ್ಲ ಎನ್ನಲಿಲ್ಲ.

ಅಯ್ಯನವರು ಬರುವ ವಾರ ಬಂತು. ಪ್ರಭುಭೋಜನಕ್ಕೆ ಬರುವವರ ಹೆಸರುಗಳನ್ನು ಅಪ್ಪ ಬರೆದುಕೊಡಬೇಕಾಗಿತ್ತು. ಶುಕ್ರವಾರ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದಾಗ ಅಮ್ಮ ಹೋಗಿ, ಸೊಸೆಯ ಹೆಸರನ್ನು ಈ ಸಲ ಬಿಡಿ ಎಂದಳು. ಮುದುಕಿಯರ ಹಿಟ್ಟು ಕದ್ದ ಕೈಯಲ್ಲಿ ಪ್ರಭುವಿನ ರೊಟ್ಟಿ ತೆಗೆದುಕೊಂಡರೆ ಮನೆಗೆ ಒಳ್ಳೆಯದಲ್ಲ ಎಂದು ಅವಳ ಭಯ.

ಅಪ್ಪ ಪೆನ್ಸಿಲ್ ಕೆಳಗಿಟ್ಟರು. “ನೀನು ಕಣ್ಣಾರೆ ನೋಡಿದೀಯಾ?”

“ನಾನು ನೋಡಿಲ್ಲ” ಎಂದಳು ಅಮ್ಮ, ಪ್ರಾಮಾಣಿಕವಾಗಿ. ಅಪ್ಪ ನನ್ನ ಕಡೆ ತಿರುಗಿದರು. “ನೀನು?”

ನೋಡಿಲ್ಲ ಎನ್ನಬಹುದಾಗಿತ್ತು. ಆದರೆ ಅಷ್ಟು ದಿನ ಕಾದಿದ್ದೆ. ಕಾಣದಿದ್ದರೂ ನಡೆದಿರುವುದಂತೂ ನಿಜ ಎಂದು ನನಗೆ ಗಟ್ಟಿಯಾಗಿತ್ತು. “ನೋಡಿದೀನಿ ಅಪ್ಪಾ. ಸೆರಗಲ್ಲಿ ಕಟ್ಕೊಂಡ್ಲು” ಎಂದೆ. ಸೆರಗಿನ ಮಾತು ನಾಲಗೆಗೆ ತಾನಾಗಿ ಬಂತು. ಅಪ್ಪ ಹಾಳೆಯನ್ನು ಮಡಿಸಿ ಸತ್ಯವೇದದೊಳಗೆ ಇಟ್ಟರು. ಅತ್ತಿಗೆ ಒಳಗೆ ಒಲೆಯ ಮುಂದಿದ್ದಳು.

ಶನಿವಾರ ಬೆಳಗ್ಗೆ, ಹೇಳಿದ ಸುಳ್ಳನ್ನು ನಿಜ ಮಾಡಿಕೊಳ್ಳಬೇಕೆಂದು ಅಡುಗೆಮನೆಯಲ್ಲಿ ಅವಳ ಎದುರಿಗೇ ಹೋಗಿ ಕುಳಿತೆ. ಎಸರು ಕುದಿಯುತ್ತಿತ್ತು. ಅವಳು ಒಂದು ಹಿಡಿ ತೆಗೆದು ಗಡಿಗೆಗೆ ಹಾಕಿ ಸ್ತೋತ್ರ ಹೇಳಿದಳು. ಮುದ್ದೆಗೆ ಇಟ್ಟಿದ್ದ ಹಿಟ್ಟಿನಿಂದ ಇನ್ನೊಂದು ಹಿಡಿ ತೆಗೆದು ಅದನ್ನೂ ಹಾಕಿದಳು. ಅದಕ್ಕೆ ಸ್ತೋತ್ರ ಹೇಳಲಿಲ್ಲ.

“ಎರಡು ಯಾಕೆ?” ಎಂದೆ.

“ಒಂದು ದೇವುಡಿದು. ಇನ್ನೊಂದು ನಿನ್ನ ಅನುಮಾನದ್ದು, ಅಮ್ಮಾಯಿ.” ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. “ನನ್ನ ಕೈ ಇಷ್ಟೇ ಇರೋದು. ಅತ್ತಮ್ಮನ ಕೈ ನೋಡಿದೀಯಾ? ಅವರ ಒಂದು ಹಿಡಿಗೆ ನನ್ನದು ಎರಡು ಬೇಕು.”

ಹಿಟ್ಟು ಮೆತ್ತಿದ ಆ ಕೈ ಚಿಕ್ಕ ಮಗುವಿನ ಕೈಯಷ್ಟಿತ್ತು. ಹಿಡಿ ಎಂದರೆ ಹಿಡಿ. ಯಾರ ಹಿಡಿ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೊಲದಲ್ಲಿ ಗುದ್ದಲಿ ಹಿಡಿದು ಬೆಳೆದ ಅಮ್ಮನ ಕೈ ಮೊರದಗಲ. ಎರಡನೆಯ ಹಿಡಿ ಎಲ್ಲಿಂದ ಬರುತ್ತಿದೆ ಎಂದು ಆಗ ತಿಳಿಯಿತು. ಅವಳು ಎಲ್ಲರಿಗೂ ಬಡಿಸಿ, ಕೊನೆಗೆ ಒಬ್ಬಳೇ ಉಣ್ಣುತ್ತಿದ್ದಳು. ಆ ದಿನ ತಟ್ಟೆಯ ಮುಚ್ಚಳ ತೆಗೆದು ನೋಡಿದೆ. ಅವಳ ಪಾಲಿನ ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿತ್ತು.

ಅಮ್ಮನನ್ನು ಕರೆದೆ, ಕೈಯ ವಿಷಯ ಹೇಳಿದೆ. ಅಮ್ಮ ನಂಬಲಿಲ್ಲ. ಅಪ್ಪ ಮೊರ ತರಿಸಿ, ಅಮ್ಮನ ಎಡಗೈಯಿಂದ ಒಂದು ಹಿಡಿ, ಅತ್ತಿಗೆಯಿಂದ ಒಂದು ಹಿಡಿ ಹಾಕಿಸಿದರು. ಒಂದು ಗುಡ್ಡೆಯ ಪಕ್ಕದಲ್ಲಿ ಅದರ ಮರಿ ಕುಳಿತ ಹಾಗಿತ್ತು. “ಅಯ್ಯೋ ನನ್ ಕಂದಾ, ಹೊಟ್ಟೆಗಿಲ್ದೆ ಗಡಿಗೆ ತುಂಬಿಸ್ತಿದ್ಯಾ” ಎಂದು ಅಮ್ಮ ಒಂದೇ ಕೈಯಲ್ಲಿ ಸೊಸೆಯನ್ನು ತಬ್ಬಿಕೊಂಡು ಅತ್ತಳು. ಅಪ್ಪ ಒಳಗೆ ಹೋಗಿ ಹಾಳೆ ಬಿಚ್ಚಿ ಅವಳ ಹೆಸರು ಬರೆದರು.

ಬರೆದು ತಲೆಯೆತ್ತಿ ನನ್ನನ್ನು ನೋಡಿದರು. ಸೆರಗಿನ ಮಾತು ಅವರಿಗೆ ಮರೆತಿರಲಿಲ್ಲ. ನಾನಾಗಿಯೇ ಹೇಳಲಿ ಎಂದು ಕಾಯುತ್ತಿದ್ದಾರೆಂದು ನನಗೂ ಗೊತ್ತಾಯಿತು. ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ಒಳ್ಳೆಯ ಬಿಸಿಲು ಕೊಟ್ಟದ್ದಕ್ಕೆ ಸ್ತೋತ್ರ ಹೇಳಿದೆ.

ಭಾನುವಾರ ಅತ್ತಿಗೆ ಬಿಳಿ ಸೀರೆ ಉಟ್ಟಳು. ದೇವಾಲಯದಲ್ಲಿ ಅಯ್ಯನವರು, ನೆರೆಯವರ ಸಂಗಡ ಸಮಾಧಾನವಾಗಿರುವವರು ಹತ್ತಿರ ಬನ್ನಿರಿ ಎಂದು ಕರೆದರು. ಅಮ್ಮ ಎದ್ದಳು, ನಾನು ಎದ್ದೆ. ಮೊಣಕಾಲೂರಿ ರೊಟ್ಟಿಯ ಚೂರಿಗೆ ಕೈ ಒಡ್ಡಿ, ಪಕ್ಕಕ್ಕೆ ನೋಡಿದರೆ ಅತ್ತಿಗೆ ಇರಲಿಲ್ಲ. ತಿರುಗಿ ನೋಡಿದೆ. ಹೆಂಗಸರ ಸಾಲಿನಲ್ಲಿ, ಎಲ್ಲರೂ ಎದ್ದುಹೋದ ಚಾಪೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಅಯ್ಯನವರು ಎರಡು ಸಲ ಕರೆದು ಕಾದರು. ಅವಳು ಬೇಡವೆಂದು ತಲೆಯಾಡಿಸಿದಳು. ನನ್ನ ಪಕ್ಕದ ಹೆಂಗಸು ಇನ್ನೊಬ್ಬಳಿಗೆ ಮೊಣಕೈಯಿಂದ ತಿವಿದಳು. ಗಡಿಗೆ ಆಗ ತುಂಬದಿದ್ದದ್ದು ಯಾರಿಂದ ಎಂದು ಅವರಿಗೆ ಆ ಕ್ಷಣದಲ್ಲಿ ಅರ್ಥವಾಗಿಹೋಯಿತು.

ಮನೆಗೆ ಬರುವ ದಾರಿಯಲ್ಲಿ, ಮಾವಿನ ತೋಪು ದಾಟಿದ ಮೇಲೆ ಅಪ್ಪ ಕೇಳಿದರು. “ಯಾಕಮ್ಮಾ ಬರಲಿಲ್ಲ? ಹೆಸರು ಬರೆದಿದ್ದೆನಲ್ಲ.”

“ಮನಸ್ಸಲ್ಲಿ ಕೋಪ ಇಟ್ಕೊಂಡು ಹೆಂಗೆ ಬರ್ಲಿ ಮಾವಯ್ಯಾ?” ಎಂದಳು. “ಅತ್ತಮ್ಮನ ಮೇಲೆ ಇಲ್ಲ. ಅವರು ನೋಡಿಲ್ಲ ಅಂತಾನೇ ಅಂದ್ರು. ನೋಡಿದೀನಿ ಅಂದೋರ ಮೇಲಿದೆ. ಒಳಗೆ ಒಲೆ ಹತ್ರ ಎಲ್ಲಾ ಕೇಳಿಸ್ತು. ರಾತ್ರಿಯೆಲ್ಲ ದೇವುಡ್ನ ಬೇಡ್ಕೊಂಡೆ. ಕೋಪ ಹೋಗ್ಲಿಲ್ಲ.”

ಅಪ್ಪ ನಿಂತುಬಿಟ್ಟರು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. “ನೀನು ರೊಟ್ಟಿ ತಗೊಂಡೆಯಾ ಮಗಳೇ?”

“ತಗೊಂಡೆ ಅಪ್ಪಾ.”

ಅಮ್ಮ ಗಡಿಗೆ ಹಿಡಿದು ರಸ್ತೆಯ ಬದಿಯಲ್ಲಿ ಕುಳಿತುಕೊಂಡಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಳಬಹುದಾಗಿತ್ತು. ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳುವುದಾಗಿದ್ದರೆ ಎಷ್ಟು ಚೆನ್ನಾಗಿ ಹೇಳುತ್ತಿದ್ದೆ; ಪಾಪಿ ಎನ್ನುತ್ತಿದ್ದೆ, ಹುಳ ಎನ್ನುತ್ತಿದ್ದೆ, ಆ ಮಾತುಗಳೆಲ್ಲ ನನಗೆ ಬಾಯಿಪಾಠ. ಅವತ್ತು ಸುಡುವ ಬಿಸಿಲಿನಲ್ಲಿ, ಕಣ್ಣು ಬಿಟ್ಟುಕೊಂಡು, ಎದುರಿಗೆ ನಿಂತ ಬಿಳಿ ಸೀರೆಯ ಹುಡುಗಿಗೆ ಹೇಳಬೇಕಾಗಿತ್ತು.

“ನಾನು ನೋಡಿರಲಿಲ್ಲ ಅತ್ತಿಗೆ. ಸುಳ್ಳು ಹೇಳ್ದೆ. ತಪ್ಪಾಯ್ತು” ಎಂದೆ.

ಅವಳು ನನ್ನ ಮುಖವನ್ನು, ಕಣ್ಣನ್ನು, ಸೆರಗು ಹಿಡಿದುಕೊಂಡಿದ್ದ ನನ್ನ ಕೈಯನ್ನು ಒಂದೊಂದಾಗಿ ನೋಡಿದಳು. ಇದಾದರೂ ನಿಜವೋ, ಅಥವಾ ಅಪ್ಪ ಎದುರಿಗಿದ್ದಾರೆಂದು ಹೇಳುತ್ತಿದ್ದಾಳೋ ಎಂದು ಅಳೆಯುವ ನೋಟ ಅದು. ವಾರಗಟ್ಟಲೆ ನಾನು ಅವಳನ್ನು ಹಾಗೆ ನೋಡಿದ್ದೆ. ನೋಡಿಸಿಕೊಂಡರೆ ಹೇಗಿರುತ್ತದೆಂದು ಅವತ್ತು ಮೊದಲ ಸಲ ಗೊತ್ತಾಯಿತು.