ಸೊರಬದ ಜೊತೆ ಆಡದ ಪಂದ್ಯ

ಕೊರೊನಾ ಬಂದು ನಮ್ಮ ಕಡೆಯ ಸಣ್ಣ ಫುಟ್‌ಬಾಲ್ ಲೀಗ್ ನಿಂತಾಗ ಉಳಿದಿದ್ದು ಒಂದೇ ಪಂದ್ಯ, ಶಿಕಾರಿಪುರಕ್ಕೂ ಸೊರಬಕ್ಕೂ. ನಮ್ಮ ಯಜಮಾನರು ಶಿಕಾರಿಪುರದ ಕ್ಯಾಪ್ಟನ್. ನಮಗೆ ಒಂದು ಪಾಯಿಂಟ್ ಹೆಚ್ಚಿತ್ತು. ಅದರ ಮೇಲೇ ಕಪ್ ಕೊಡುತ್ತೇವೆಂದು ಕಮಿಟಿಯವರು ಹೇಳಿದರೂ ಇವರು ಒಪ್ಪಲಿಲ್ಲ. ಒಪ್ಪದಿದ್ದದ್ದೇ ನ್ಯಾಯವೆಂದು ನನಗೂ ಅನಿಸಿತ್ತು. ಇವರು ಸೊರಬದ ಕ್ಯಾಪ್ಟನ್‌ಗೆ ತಾವೇ ಫೋನ್ ಮಾಡಿ, “ಎಲ್ಲಾ ಮುಗೀಲಿ, ಆಡೇ ತೀರ್ಮಾನ ಮಾಡಾಣ. ನಿನ್ನ ಸೋಲಿಸ್ದೆ ನಾನು ಕಪ್ ಮುಟ್ಟಲ್ಲ” ಅಂದರು.

“ಹಂಗಾರೆ ನೀ ಮುಟ್ಟಿದಂಗೇ ಬಿಡು ಮಾರಾಯ!” ಆ ಕಡೆಯ ನಗು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

ಎರಡನೇ ಅಲೆಯಲ್ಲಿ ಆ ಸೊರಬದ ಕ್ಯಾಪ್ಟನ್ ತೀರಿಕೊಂಡರು. ಪಂದ್ಯ ರದ್ದಾಗಿ ಕಪ್ ನಮ್ಮ ಮನೆಗೆ ಬಂತು. ಇವರು ಅದನ್ನು ಚೀಲದಿಂದ ತೆಗೆಯಲೇ ಇಲ್ಲ.

ಬಸ್ಸು ಶುರುವಾದ ವಾರವೇ ಇಬ್ಬರೂ ಸೊರಬಕ್ಕೆ ಹೋದೆವು. ಅವರ ಮನೆಯ ಕಿಟಕಿಯಲ್ಲಿ ಬೂಟುಗಳಿದ್ದವು. ಲೇಸನ್ನು ಒಗೆದು ಮತ್ತೆ ಪೋಣಿಸಿಟ್ಟಿದ್ದರು. ಇವರು ಕಪ್ಪನ್ನು ಅವರ ಹೆಂಡತಿಯ ಮುಂದಿಟ್ಟರು. ಆಕೆ ಅದನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದರು, “ಆಡಿದ್ರೆ ನಮ್ಮವ್ರು ಗೆಲ್ತಿದ್ರಾ ಅಣ್ಣಾ?”

ಆಟದ ಮಾತಿನಲ್ಲಿ ನಮ್ಮ ಯಜಮಾನರು ಯಾರಿಗೂ ಸೋತವರಲ್ಲ.

“ಗೆಲ್ತಿದ್ದ ಕಣಮ್ಮಾ,” ಅಂದರು. “ಎರಡು ಗೋಲು ಹೆಚ್ಚಿಗೆ ಹೊಡ್ದೇ ಗೆಲ್ತಿದ್ದ.”